ಸೇಡಂ ರಸ್ತೆಯ ಚಂದ್ರ-ರಿಲೇ ತರಗತಿ: 900 ರೂಪಾಯಿಗೆ ಏನು ಸಿಗುತ್ತದೆ?

ಮೊದಲೇ ಹೇಳಿಬಿಡುತ್ತೇನೆ: ಹೋಗಿ. ಮನೆಯಲ್ಲಿ ಎಂಟನೇ ಕ್ಲಾಸು ದಾಟಿದ ಮಕ್ಕಳಿದ್ದರೆ ಅವರನ್ನೂ ಕರ್ಕೊಂಡು ಹೋಗಿ. ಕಲಬುರಗಿಯಲ್ಲಿ ರಜೆ ಬಂತು ಅಂದ್ರೆ ಅಬ್ಯಾಕಸ್, ಸ್ಪೋಕನ್ ಇಂಗ್ಲಿಷ್, ರೋಬೋಟ್ ಕಾರು, ಅಷ್ಟೇ. ಈ ತರಗತಿಯವರು ಹಿಡಿದಿರುವ ವಿಷಯವೇ ಬೇರೆ. ಚಂದ್ರನ ಮೇಲೆ ಇಳಿದ ಯಂತ್ರ ಹೇಳಿದ್ದು ಭೂಮಿಗೆ ಹೇಗೆ ತಲುಪುತ್ತದೆ, ನಡುವೆ ಇದ್ದು ಆ ಮಾತು ದಾಟಿಸುವ (ಇದಕ್ಕೇ ರಿಲೇ ಅನ್ನುವುದು) ಸಣ್ಣ ಉಪಗ್ರಹಗಳು ಏನು ಮಾಡುತ್ತವೆ, ಇದನ್ನು ಶನಿವಾರ-ಭಾನುವಾರ ಕನ್ನಡದಲ್ಲೇ, ಕೈಗೆ ಸಾಮಾನು ಕೊಟ್ಟು ಕಲಿಸುತ್ತಾರೆ.

ಜಾಗ ಸೇಡಂ ರಸ್ತೆ ಕಡೆಯ ಒಂದು ಶಾಲೆಯ ಮೇಲಿನ ಮಹಡಿ. ರಜೆಯಲ್ಲಿ ಬಾಡಿಗೆಗೆ ತಗೊಂಡಿದ್ದಾರೆ. ಒಬ್ಬರು ನಿವೃತ್ತ ಭೌತಶಾಸ್ತ್ರ ಮೇಷ್ಟ್ರು, ಜೊತೆಗೆ ಎಂಜಿನಿಯರಿಂಗ್ ಮುಗಿಸಿದ ಮೂವರು ಹುಡುಗ-ಹುಡುಗಿಯರು. ತಲೆಗೆ 900 ರೂಪಾಯಿ, ಮಧ್ಯಾಹ್ನದ ಊಟ ಸೇರಿ. ಊಟಕ್ಕೆ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು. ಚೆನ್ನಾಗಿತ್ತು. ನಾನು ಅಕ್ಕನ ಮಗಳ ಜೊತೆ ಹೋಗಿದ್ದೆ, ಒಂಬತ್ತನೇ ಕ್ಲಾಸು ಓದುತ್ತಾಳೆ.

ನನ್ನ ಕೆಲಸ ಮೊಬೈಲ್ ಟವರ್‌ಗಳದ್ದು, ಅದಕ್ಕೇ ಈ ವಿಷಯದ ಮೇಲೆ ನನಗೆ ಇಷ್ಟು ಆಸೆ. ಚಿಂಚೋಳಿ ದಾಟಿ ಕೊಂಚಾವರಂ ಕಾಡಿನ ಕಡೆ ಹೋದರೆ ಗುಡ್ಡದ ಹಿಂದಿರುವ ತಾಂಡಾಗಳಲ್ಲಿ ಫೋನ್ ಎತ್ತಿದರೆ ಒಂದು ಕಡ್ಡಿಯೂ ಇರಲ್ಲ. ಟವರ್ ಹತ್ತಿರದಲ್ಲೇ ಇದ್ದರೂ ನಡುವೆ ಗುಡ್ಡ ಬಂದರೆ ಸಿಗ್ನಲ್ ಸತ್ತಂತೆ. ಆಗ ಮಾಡೋದು ಒಂದೇ, ಎರಡೂ ಕಡೆ ಕಾಣುವ ಎತ್ತರದ ಜಾಗ ಹುಡುಕಿ ಅಲ್ಲೊಂದು ಸಿಗ್ನಲ್ ದಾಟಿಸುವ ಟವರ್ ಹಾಕುವುದು. ಚಂದ್ರನ ವಿಷಯದಲ್ಲೂ ಇದೇ ಕಥೆ, ಆದರೆ ಅಲ್ಲಿ ಗುಡ್ಡ ಅಂದರೆ ಇಡೀ ಚಂದ್ರನೇ. ಅದು ತನ್ನ ಒಂದೇ ಮುಖವನ್ನು ಯಾವಾಗಲೂ ನಮ್ಮ ಕಡೆ ಇಟ್ಟುಕೊಂಡು ಸುತ್ತುತ್ತದೆ. ಆಚೆ ಬದಿಯಲ್ಲಿ ಇಳಿದ ಯಂತ್ರಕ್ಕೆ ಭೂಮಿ ಯಾವತ್ತೂ ಕಾಣುವುದಿಲ್ಲ, ಎಷ್ಟು ದೊಡ್ಡ ರೇಡಿಯೋ ಕೊಟ್ಟರೂ ಪ್ರಯೋಜನ ಇಲ್ಲ.

ಈ ತರಗತಿಯ ಜೀವ ಇರೋದು ಅವರು ವರಾಂಡದಲ್ಲಿ ಕಟ್ಟಿದ ಮಾದರಿಯಲ್ಲಿ. ಚಂದ್ರನಿಗೆ 27 ಸೆಂಟಿಮೀಟರ್ ಅಗಲದ ಒಂದು ಗುಂಡು, ಕಾಗದದ ರದ್ದಿಯಿಂದ ಮಾಡಿ ಬೂದಿ ಬಣ್ಣ ಬಳಿದಿದ್ದಾರೆ. ಆ ಲೆಕ್ಕಕ್ಕೆ ಭೂಮಿ ಸುಮಾರು ಒಂದು ಮೀಟರ್ ಆಗಬೇಕು, ಅದಕ್ಕೆ ರಟ್ಟಿನ ದೊಡ್ಡ ಚಕ್ರ. ಎರಡರ ನಡುವೆ ಎಷ್ಟು ದೂರ ಇಡಬೇಕು ಅಂತ ಮೇಷ್ಟ್ರು ಎಲ್ಲರನ್ನೂ ಕೇಳಿದರು. ಎಲ್ಲರೂ ಎರಡು ಹೆಜ್ಜೆ, ಮೂರು ಹೆಜ್ಜೆ ಅಂದರು. ಪುಸ್ತಕದ ಚಿತ್ರದಲ್ಲಿ ಹಾಗೇ ಇರುತ್ತದಲ್ವಾ. ಮೇಷ್ಟ್ರು ಟೇಪು ಹಿಡಿದು ನಡೆಯುತ್ತಾ ಹೋದರು, ಹೋದರು, ವರಾಂಡ ಮುಗಿಯುವ ಹತ್ತಿರ ನಿಂತರು. 30 ಮೀಟರ್. ನಿಜವಾದ 3,84,400 ಕಿಲೋಮೀಟರ್ ಈ ಅಳತೆಯಲ್ಲಿ ಅಷ್ಟಾಗುತ್ತದೆ. ಮಕ್ಕಳು ಒಂದು ನಿಮಿಷ ಸುಮ್ಮನಾಗಿಬಿಟ್ಟರು.

ಆಮೇಲೆ ಉಪಗ್ರಹಗಳನ್ನು ಇಟ್ಟರು. ಚಂದ್ರಯಾನ-2ರ ಆರ್ಬಿಟರ್ ಚಂದ್ರನ ನೆಲದಿಂದ 100 ಕಿಲೋಮೀಟರ್ ಎತ್ತರದಲ್ಲಿ ಸುತ್ತುವುದು, ಈ ಗುಂಡಿಗೆ ಅದು 8 ಮಿಲಿಮೀಟರ್ ಅಷ್ಟೇ. ಒಂದು ಗುಂಡುಪಿನ್ನು ಚುಚ್ಚಿ ತೋರಿಸಿದರು. ಚೀನಾದ ಮೊದಲ ರಿಲೇ ಉಪಗ್ರಹ ಚುಯೆಚಿಯಾವೊ ಇರುವುದು ಚಂದ್ರನಿಂದಲೂ ಆಚೆ, ಸುಮಾರು 65,000 ಕಿಲೋಮೀಟರ್ ದೂರದಲ್ಲಿ. ಅಂದರೆ ಗುಂಡಿನಿಂದ ಹಿಂದಕ್ಕೆ 5 ಮೀಟರ್. ವರಾಂಡ ಸಾಲದೆ ಮೆಟ್ಟಿಲ ಮೇಲೆ ಒಬ್ಬ ಹುಡುಗನನ್ನು ನಿಲ್ಲಿಸಬೇಕಾಯಿತು. ಅಲ್ಲಿ ಹಿಂದಿನ ಸಾಲಿನಿಂದ ಒಂದು ಹುಡುಗಿ ಕೇಳಿದ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು: "ಸರ್, ಅದು ಚಂದ್ರನ ಸೀದಾ ಹಿಂದ ಇದ್ರ ಅದಕ್ಕೂ ಭೂಮಿ ಕಾಣಂಗಿಲ್ಲಲ್ರಿ?"

ಮೇಷ್ಟ್ರು ಉತ್ತರ ಹೇಳಲಿಲ್ಲ. ಆಕೆಯನ್ನೇ ಮೆಟ್ಟಿಲ ಹತ್ತಿರ ಕಳಿಸಿದರು. "ಅಲ್ಲೇ ನಿಂತು ನೋಡವ್ವ, ಆ ಚಕ್ರ ಕಾಣ್ತದೇನು?" ಅಂದರು. ಸೀದಾ ನಿಂತಾಗ ರಟ್ಟಿನ ಭೂಮಿ ಪೂರ್ತಿ ಗುಂಡಿನ ಹಿಂದೆ ಮರೆಯಾಗುತ್ತಿತ್ತು, ನಾವು ಮಾತು ಕಳಿಸಬೇಕಾದ ಆಂಟೆನಾ ಅಲ್ಲೇ ಅಂಟಿಸಿದ್ದರು. ಒಂದು ಮೀಟರ್ ಪಕ್ಕಕ್ಕೆ ಸರಿದಳು. ಪೂರ್ತಿ ಕಂಡಿತು. ಅದೇ ಉತ್ತರ. ಆ ಉಪಗ್ರಹ ಒಂದೇ ಕಡೆ ನಿಂತಿಲ್ಲ, ಭೂಮಿ ಮತ್ತು ಚಂದ್ರನ ಸೆಳೆತ ಒಂದು ಹದಕ್ಕೆ ಬರುವ ಎರಡನೇ ಲಗ್ರಾಂಜ್ ಬಿಂದುವಿನ ಸುತ್ತ ದೊಡ್ಡ ಉಂಗುರದ ಹಾಗೆ ಸುತ್ತುತ್ತಾ ಇರುತ್ತದೆ. ಅದರಿಂದ ಒಂದು ಕಣ್ಣು ಚಂದ್ರನ ಆಚೆ ಬದಿಗೆ, ಇನ್ನೊಂದು ಕಣ್ಣು ಭೂಮಿಗೆ. 2018ರ ಮೇನಲ್ಲಿ ಅದನ್ನು ಹಾರಿಸಿ, ಅದು ಜಾಗ ಹಿಡಿದ ಮೇಲೆಯೇ ಚೀನಾದ ಲ್ಯಾಂಡರ್ (ಚಂದ್ರನ ಮೇಲೆ ಇಳಿಯುವ ಯಂತ್ರ) ಚಾಂಗ್‌ಇ-4 ಹೊರಟಿದ್ದು. 2019ರ ಜನವರಿ 3ಕ್ಕೆ ಆಚೆ ಬದಿಯ ವಾನ್ ಕರ್ಮನ್ ಕುಳಿಯಲ್ಲಿ ಇಳಿಯಿತು. ಮೊದಲು ಟವರ್, ಆಮೇಲೆ ಫೋನು. ಪತ್ರಿಕೆಯವರು ಇಳಿದದ್ದನ್ನೇ ದೊಡ್ಡದಾಗಿ ಬರೆದರು, ನನಗೆ ಮಾತ್ರ ಆ ಹಿಂದಿನ ವರ್ಷದ ಕೆಲಸವೇ ದೊಡ್ಡದು ಅನಿಸುತ್ತದೆ.

ಮಧ್ಯಾಹ್ನ ಇನ್‌ಫ್ರಾರೆಡ್ ಕಿಟ್. ಟಿವಿ ರಿಮೋಟಿನಲ್ಲಿ ಇರುವಂಥ ಬಲ್ಬು, ಅದನ್ನು ಹಿಡಿಯುವ ಸೆನ್ಸರು, ಒಂದು ಚಿಕ್ಕ ಬೋರ್ಡು. ಬಲ್ಬಿನ ಬೆಳಕು ಕಣ್ಣಿಗೆ ಕಾಣುವುದಿಲ್ಲ, ಫೋನ್ ಕ್ಯಾಮೆರಾದಲ್ಲಿ ನೋಡಿದರೆ ನೇರಳೆ ಚುಕ್ಕೆ ಮಿನುಗುತ್ತದೆ. ಗುಂಡಿನ ಪಕ್ಕದಿಂದ 30 ಮೀಟರ್ ದೂರದ ಭೂಮಿಗೆ ಸುಮ್ನೆ ಬಿಟ್ಟರೆ ಏನೂ ತಲುಪಲಿಲ್ಲ. ಅದೇ ಬಲ್ಬಿನ ಮುಂದೆ ಒಂದು ಭೂತಗನ್ನಡಿ ಕೂರಿಸಿದರು. ಈಗ ತಲುಪಬೇಕು, ಆದರೆ ಗುರಿ ಸಿಗಬೇಕಲ್ಲ. ನನ್ನ ಅಕ್ಕನ ಮಗಳು ಮೊಣಕಾಲೂರಿ ಕೂತು ಮರದ ತುಂಡಿನ ಕೆಳಗೆ ಮಡಚಿದ ಕಾಗದ ಒಂದೊಂದೇ ತೂರಿಸುತ್ತಾ ಹೋದಳು. ಆ ಕಡೆಯಿಂದ ಒಬ್ಬ ಹುಡುಗ ಫೋನ್ ಕ್ಯಾಮೆರಾ ಹಿಡಿದು "ಮ್ಯಾಲ, ಇನ್ನೂ ಮ್ಯಾಲ, ಈಗ ಎಡಕ್ಕ" ಅಂತ ಕೂಗುತ್ತಿದ್ದ. ಬಝರ್ ಕೂಗಿತು. ಯಾರೋ ಓಡುತ್ತಾ ಬಂದು ಬೆಂಚಿಗೆ ಕಾಲು ತಗುಲಿಸಿದ. ಬಝರ್ ನಿಂತಿತು. "ಮಾಮಾ, ನೀವು ಟವರ್ ಮ್ಯಾಲ ಹತ್ತಿ ಇದನ್ನೇ ಮಾಡ್ತೀರೇನು?" ಅಂತ ಕೇಳಿದಳು. ಹೌದು, ಇದೇ. ಡಿಶ್ ದೊಡ್ಡದಾದಷ್ಟು ಸಿಗ್ನಲ್ ಗಟ್ಟಿ, ಆದರೆ ಕಿರಣ ಸಣ್ಣದಾಗುತ್ತದೆ, ಕೂದಲಷ್ಟು ತಪ್ಪಿದರೂ ಲಿಂಕ್ ಹೋಯಿತು. ಚುಯೆಚಿಯಾವೊ 4.2 ಮೀಟರ್ ಅಗಲದ ಆಂಟೆನಾವನ್ನು ಛತ್ರಿಯ ಹಾಗೆ ಬಿಚ್ಚಿಕೊಂಡು, 65,000 ಕಿಲೋಮೀಟರ್ ಆಚೆಯಿಂದ ಲ್ಯಾಂಡರ್ ಕಡೆ ಗುರಿ ಇಟ್ಟುಕೊಂಡೇ ಇರಬೇಕು ಅಂದರೆ ಏನು ಅಂತ ಆ ಮಕ್ಕಳಿಗೆ ಅವತ್ತು ಮೈಗೇ ಗೊತ್ತಾಯಿತು. ಈ ಒಂದು ಗಂಟೆಗೇ 900 ರೂಪಾಯಿ ವಸೂಲಿ.

ಸಿಗ್ನಲ್ ಚಂದ್ರನವರೆಗೆ ಹೋಗಲು ಹಿಡಿಯುವ ತಡವನ್ನೂ ಬೋರ್ಡಿನಲ್ಲಿ ತುಂಬಿದ್ದಾರೆ, ಅದು ಜಾಣತನದ ಕೆಲಸ. ಬಟನ್ ಒತ್ತಿದ ಮೇಲೆ 1.3 ಸೆಕೆಂಡ್ ಬಿಟ್ಟು ಆಟಿಕೆ ಕಾರು ತಿರುಗುತ್ತದೆ, ತಿರುಗಿತು ಅನ್ನುವ ಸುದ್ದಿ ಬರಲು ಇನ್ನೊಂದು 1.3 ಸೆಕೆಂಡ್. ರಿಲೇ ಮೂಲಕ ಹೋದರೆ ದಾರಿ ಉದ್ದ, ಒಂದು ಕಡೆಗೇ ಸುಮಾರು 1.7 ಸೆಕೆಂಡ್. ಸೀಮೆಸುಣ್ಣದಲ್ಲಿ ಬರೆದ ಕುಳಿಗೆ ಎಲ್ಲರ ಕಾರೂ ಬಿದ್ದವು.

ಒಂದು ಕಡೆ ಮಾತ್ರ ಅವರು ಬದಲಾಯಿಸಲೇಬೇಕು. ರಿಲೇ ಅಂದರೆ ಏನು ಅಂತ ತೋರಿಸಲು ಮೊದಲ ದಿನ ಮೆಟ್ಟಿಲ ಮೇಲಿನ ಹುಡುಗನ ಕೈಗೆ ಕನ್ನಡಿ ಕೊಟ್ಟರು. ಟಾರ್ಚ್ ಬೆಳಕು ಕನ್ನಡಿಗೆ ಬಡಿದು ಭೂಮಿಗೆ ಹೋಯಿತು. ನೋಡಲು ಚೆಂದ, ಆದರೆ ಮಕ್ಕಳ ತಲೆಯಲ್ಲಿ ಉಪಗ್ರಹ ಅಂದರೆ ಕನ್ನಡಿ ಅಂತ ಕೂತುಬಿಡುತ್ತದೆ. ಅದು ಹಾಗಲ್ಲ. ಲ್ಯಾಂಡರ್‌ನಿಂದ ಬಂದದ್ದನ್ನು ಅದು ಹಿಡಿಯಬೇಕು, ಗದ್ದಲದಿಂದ ಬೇರ್ಪಡಿಸಬೇಕು, ಭೂಮಿ ಕಾಣದಿದ್ದರೆ ಕೂಡಿಟ್ಟುಕೊಳ್ಳಬೇಕು, ಆಮೇಲೆ ತನ್ನ ಸ್ವಂತ ಶಕ್ತಿಯಿಂದ ಬೇರೆ ಬ್ಯಾಂಡಿನಲ್ಲಿ, ಅಂದರೆ ಬೇರೆ ತರಂಗಾಂತರದಲ್ಲಿ, ಹೊಸದಾಗಿ ಕಳಿಸಬೇಕು. ಅದರ ಸೋಲಾರ್ ಫಲಕ, ಬ್ಯಾಟರಿ, ಮೆಮೊರಿ ಎಲ್ಲಾ ಇರೋದು ಇದಕ್ಕೇ. ಎರಡನೇ ದಿನ ನಡುವೆ ಮೂರನೇ ಬೋರ್ಡು ಇಟ್ಟು ಇದನ್ನೇ ಮಾಡಿಸಿದರು, ಅದು ಚೆನ್ನಾಗಿತ್ತು. ಕನ್ನಡಿಯನ್ನು ಪೂರ್ತಿ ಬಿಟ್ಟು ಮೊದಲ ದಿನವೇ ಆ ಬೋರ್ಡು ತರಬೇಕು.

ಭಾನುವಾರ ಬೆಳಿಗ್ಗೆ ನಮ್ಮ ಚಂದ್ರಯಾನದ ಪಾಠ. ಚಂದ್ರಯಾನ-3ರ ಲ್ಯಾಂಡರ್ ವಿಕ್ರಮ್ ಇಳಿದದ್ದು ನಮಗೆ ಕಾಣುವ ಬದಿಯಲ್ಲೇ, ಹಾಗಾಗಿ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನ 32 ಮೀಟರ್ ಡಿಶ್‌ಗೆ ಅದು ನೇರವಾಗಿ ಮಾತಾಡಬಹುದಿತ್ತು. 26 ಕೆ.ಜಿ.ಯ ಪ್ರಜ್ಞಾನ್ ರೋವರ್‌ಗೆ ಅಷ್ಟು ಬಲ ಇಲ್ಲ. ಅದು ವಿಕ್ರಮ್‌ಗೆ ಹೇಳುತ್ತಿತ್ತು, ವಿಕ್ರಮ್ ಭೂಮಿಗೆ ಹೇಳುತ್ತಿತ್ತು. ಜೊತೆಗೆ ಇನ್ನೊಂದು ದಾರಿ ಇರಲಿ ಅಂತ 2019ರಿಂದ ಸುತ್ತುತ್ತಿದ್ದ ಚಂದ್ರಯಾನ-2ರ ಆರ್ಬಿಟರ್ ಅನ್ನೂ ಜೋಡಿಸಿದ್ದರು. 2023ರ ಆಗಸ್ಟ್ 21ಕ್ಕೆ, ಇಳಿಯುವುದಕ್ಕೆ ಎರಡು ದಿನ ಮೊದಲು, ಹಳೆಯ ಆರ್ಬಿಟರ್ ಹೊಸ ಲ್ಯಾಂಡರ್‌ಗೆ ಸ್ವಾಗತ ಹೇಳಿತು ಅಂತ ಇಸ್ರೋ ತಿಳಿಸಿದ್ದು ನಿಮಗೂ ನೆನಪಿರಬೇಕು. ಮೊದಲ ಪ್ರಯತ್ನದ ಲ್ಯಾಂಡರ್ ಬಿದ್ದು ಒಡೆದರೂ ಮೇಲಿದ್ದ ಆರ್ಬಿಟರ್ ಮುಂದಿನವನಿಗೆ ಕೈ ಕೊಟ್ಟಿತಲ್ಲ, ಅದನ್ನು ಮೇಷ್ಟ್ರು ಹೇಳುವಾಗ ಅವರ ದನಿ ಸ್ವಲ್ಪ ಬದಲಾಯಿತು. ನನಗೂ ಗಂಟಲು ಕಟ್ಟಿತು.

ಆದರೆ ಅಂಥ ಕೆಳಗಿನ ಕಕ್ಷೆಯ ಉಪಗ್ರಹ ಒಳ್ಳೆಯ ರಿಲೇ ಆಗಲಾರದು, ಅದನ್ನೂ ಬಿಡಿಸಿ ಹೇಳಿದರು. 100 ಕಿಲೋಮೀಟರ್ ಎತ್ತರದಲ್ಲಿ ಎರಡು ಗಂಟೆಗೆ ಒಂದು ಸುತ್ತು. ನೆತ್ತಿಯ ಮೇಲೇ ಹಾದು ಹೋದರೂ ಕಾಣಿಸುವುದು ಹೆಚ್ಚೆಂದರೆ ಹನ್ನೆರಡು ನಿಮಿಷ. ಮೇಲಾಗಿ ಚಂದ್ರನ ಒಳಗೆ ಕೆಲವು ಕಡೆ ಭಾರ ಜಾಸ್ತಿ, ಕೆಲವು ಕಡೆ ಕಡಿಮೆ, ಆ ಎಳೆತಕ್ಕೆ ಕೆಳಗಿನ ಕಕ್ಷೆಗಳು ಕೆಡುತ್ತಾ ಹೋಗುತ್ತವೆ, ಸರಿ ಮಾಡಲು ಇಂಧನ ಬೇಕು. ಅದಕ್ಕೇ ಈಗಿನವರು ಉದ್ದನೆಯ ಮೊಟ್ಟೆಯಾಕಾರದ ಕಕ್ಷೆ ಆರಿಸುತ್ತಾರೆ. 2024ರ ಮಾರ್ಚ್‌ನಲ್ಲಿ ಹಾರಿದ ಚುಯೆಚಿಯಾವೊ-2 ಹಾಗೇ, ಹತ್ತಿರದ ತುದಿ 200 ಕಿಲೋಮೀಟರ್, ದೂರದ ತುದಿ 16,000. ದೂರದ ತುದಿಯಲ್ಲಿ ನಿಧಾನ, ಅಲ್ಲೇ ಹೆಚ್ಚು ಹೊತ್ತು. ಆ ತುದಿಯನ್ನು ದಕ್ಷಿಣ ಧ್ರುವದ ಮೇಲೆ ಇಟ್ಟರೆ ಕೆಳಗಿನವರಿಗೆ ಗಂಟೆಗಟ್ಟಲೆ ಸಂಪರ್ಕ. ಅದರ ನೆರವಿನಿಂದಲೇ ಚಾಂಗ್‌ಇ-6 ಆಚೆ ಬದಿಯಿಂದ 1,935.3 ಗ್ರಾಂ ಮಣ್ಣು-ಕಲ್ಲು ತಂದದ್ದು.

ಸಣ್ಣ ಉಪಗ್ರಹಗಳ ಪಾಠ ಮಧ್ಯಾಹ್ನ. ಇದನ್ನು ಕಲಿಸಿದ ಹುಡುಗಿ ಬಹಳ ಉತ್ಸಾಹದವಳು. ಹತ್ತು ಸೆಂಟಿಮೀಟರ್ ಘನದ ಒಂದು ರಟ್ಟಿನ ಡಬ್ಬಿ ಹಿಡಿದು, ಇಂಥ ಆರು ಡಬ್ಬಿ ಸೇರಿಸಿದರೆ ಮಾರ್ಕೊ ಅಂದಳು. 2018ರಲ್ಲಿ ಮಂಗಳಕ್ಕೆ ಹೋದ ಜೋಡಿ, ಒಂದೊಂದೂ 13.5 ಕೆ.ಜಿ. ಆ ನವೆಂಬರ್ 26ಕ್ಕೆ ಇನ್‌ಸೈಟ್ ಲ್ಯಾಂಡರ್ ಇಳಿಯುತ್ತಿರುವಾಗ ಅದರ ಮಾತನ್ನು ಸೆಕೆಂಡಿಗೆ 8 ಕಿಲೋಬಿಟ್‌ನಂತೆ ಹಿಡಿದು ಆಗಲೇ ಭೂಮಿಗೆ ದಾಟಿಸಿದವು. ಚಂದ್ರನ ಕಡೆಗೆ ಕ್ಯಾಪ್‌ಸ್ಟೋನ್, 25 ಕೆ.ಜಿ., 2022ರ ಜೂನ್‌ನಲ್ಲಿ ನ್ಯೂಜಿಲೆಂಡಿನಿಂದ ಹಾರಿದ್ದು. ಅದರ ಕಕ್ಷೆ ಆರೂವರೆ ದಿನಕ್ಕೊಂದು ಸುತ್ತಿನದು, ಮುಂದೆ ದೊಡ್ಡ ಯಾನಗಳು ಬಳಸಲಿ ಅಂತ ಮೊದಲೇ ಹೋಗಿ ಪರೀಕ್ಷೆ ಮಾಡಿತು. ಚುಯೆಚಿಯಾವೊ-2ರ ಜೊತೆಗೂ ಟಿಯಾಂಡು ಅನ್ನುವ ಎರಡು ಪುಟ್ಟ ಉಪಗ್ರಹಗಳು ಹೋಗಿವೆ, 61 ಕೆ.ಜಿ.ಯದು ಒಂದು, 15 ಕೆ.ಜಿ.ಯದು ಇನ್ನೊಂದು, ಚಂದ್ರನ ಹತ್ತಿರ ಸಂಪರ್ಕ ಮತ್ತು ದಾರಿ ತೋರಿಸುವ ವ್ಯವಸ್ಥೆ ಪರೀಕ್ಷಿಸಲು.

ಇದರಲ್ಲಿ ನನ್ನ ಮನಸ್ಸಿಗೆ ಹಿಡಿದದ್ದು ಲಾಂಗ್‌ಜಿಯಾಂಗ್-2. 47 ಕೆ.ಜಿ. ಹಾರ್ಬಿನ್ ಎಂಬ ಊರಿನ ತಂತ್ರಜ್ಞಾನ ಸಂಸ್ಥೆಯ ವಿದ್ಯಾರ್ಥಿಗಳು ಕೆಲಸ ಮಾಡಿದ ಉಪಗ್ರಹ. ಅದರಲ್ಲಿ ಹವ್ಯಾಸಿ ರೇಡಿಯೋದವರು ಕೇಳಬಹುದಾದ ಟ್ರಾನ್ಸ್‌ಮಿಟರ್ ಇತ್ತು. ನೆದರ್‌ಲೆಂಡ್ಸಿನ ಡ್ವಿಂಗೆಲೊದ 25 ಮೀಟರ್ ಹಳೇ ರೇಡಿಯೋ ದೂರದರ್ಶಕದವರು ಅದರ ಸಿಗ್ನಲ್ ಹಿಡಿದು, ಚಂದ್ರನ ಆಚೆ ಬದಿ ಮತ್ತು ಅದರ ಹಿಂದೆ ಪುಟ್ಟ ಭೂಮಿ, ಎರಡೂ ಇರುವ ಫೋಟೋ ಇಳಿಸಿಕೊಂಡರು. 2019ರ ಜುಲೈ 31ಕ್ಕೆ ಅದನ್ನು ಚಂದ್ರನಿಗೇ ಬೀಳಿಸಿ ಮುಗಿಸಿದರು. ಕಾಲೇಜು ಹುಡುಗರು ಚಂದ್ರನವರೆಗೆ ಒಂದು ರೇಡಿಯೋ ಕಳಿಸಿದರು ಅಂದರೆ ನಮ್ಮ ಹುಡುಗರಿಗೆ ಯಾಕೆ ಆಗಬಾರದು? ಆ ಫೋಟೋ ತೋರಿಸಿದಾಗ ಹಿಂದಿನ ಬೆಂಚಿನವರೂ ಎದ್ದು ನಿಂತು ನೋಡಿದರು.

ಇಲ್ಲಿ ನನ್ನ ತಕರಾರು ಒಂದಿದೆ, ಇದು ಮುಖ್ಯದ್ದು. ಪಾಠ ಮಾಡಿದ ಆ ಹುಡುಗಿ ಹೇಳುವ ಧಾಟಿಯಲ್ಲಿ ಇನ್ನು ಮುಂದೆ ಎಲ್ಲಾ ಕೆಲಸವೂ ಸಣ್ಣ ಉಪಗ್ರಹಗಳಿಂದಲೇ ಆಗಿಬಿಡುತ್ತದೆ ಅನ್ನುವ ಹಾಗಿತ್ತು. ಆಗಲ್ಲ. ಲಿಂಕಿನಲ್ಲಿ ಎರಡು ಹಾಪ್ (ಸಿಗ್ನಲ್ಲಿನ ಜಿಗಿತ) ಇರುತ್ತವೆ, ಒಂದು ಚಂದ್ರನ ನೆಲದಿಂದ ರಿಲೇವರೆಗೆ, ಇನ್ನೊಂದು ರಿಲೇಯಿಂದ ಭೂಮಿಗೆ. ಮೊದಲ ಹಾಪ್ 8,000 ಕಿಲೋಮೀಟರ್ ಅಂದುಕೊಳ್ಳಿ. ಭೂಮಿಯ ದೂರಕ್ಕೆ ಹೋಲಿಸಿದರೆ 48 ಪಟ್ಟು ಹತ್ತಿರ, ಸಿಗ್ನಲ್ 2,300 ಪಟ್ಟು ಜಾಸ್ತಿ. ಇಲ್ಲಿ ಸಣ್ಣ ಉಪಗ್ರಹ ನಿಜಕ್ಕೂ ಗೆಲ್ಲುತ್ತದೆ. ರೋವರ್‌ಗೆ ಸಣ್ಣ ಆಂಟೆನಾ, ಕಡಿಮೆ ವ್ಯಾಟ್ ಸಾಕು, ಉಳಿದ ತೂಕದಲ್ಲಿ ಇನ್ನೊಂದು ಉಪಕರಣ ಒಯ್ಯಬಹುದು. ಆಚೆ ಬದಿಗೆ ಮಾತ್ರವಲ್ಲ, ನಮಗೆ ಕಾಣುವ ಬದಿಯಲ್ಲೂ ರಿಲೇ ಬೇಕು ಅನ್ನುವುದು ಇದಕ್ಕೇ. ಎರಡನೇ ಹಾಪ್ ಹಾಗಲ್ಲ. ಭೂಮಿಯ ಮೇಲೆ 400 ಕಿಲೋಮೀಟರ್‌ನಲ್ಲಿ ಸುತ್ತುವ ಉಪಗ್ರಹದ ರೇಡಿಯೋವನ್ನೇ ಚಂದ್ರನ ಹತ್ತಿರ ಇಟ್ಟರೆ ಇಲ್ಲಿಗೆ ಬರುವ ಸಿಗ್ನಲ್ ಸುಮಾರು 60 ಡಿಬಿ (ಡೆಸಿಬೆಲ್) ಬೀಳುತ್ತದೆ, ಒಂಬತ್ತು ಲಕ್ಷ ಪಟ್ಟಿಗಿಂತ ಜಾಸ್ತಿ. ಅದನ್ನು ತುಂಬಲು ಮೇಲೆ ದೊಡ್ಡ ಆಂಟೆನಾ ಬೇಕು, ಇಲ್ಲಾ ಕೆಳಗೆ ಬ್ಯಾಲಾಳುವಿನಂಥ ದೊಡ್ಡ ಡಿಶ್ ಬೇಕು, ಇಲ್ಲಾ ವೇಗ ಇಳಿಸಬೇಕು. ಮಾರ್ಕೊದ 8 ಕಿಲೋಬಿಟ್ ಯಾಕೆ ಅಷ್ಟು ಕಡಿಮೆ ಅಂತ ಮಕ್ಕಳು ಕೇಳಲಿಲ್ಲ, ಅವರೇ ಹೇಳಬೇಕಿತ್ತು.

ಸೋತ ಕಥೆಗಳನ್ನೂ ಹೇಳಲಿಲ್ಲ. ಕ್ಯಾಪ್‌ಸ್ಟೋನ್ ದಾರಿಯಲ್ಲಿ ಒಮ್ಮೆ ಮಾತು ನಿಲ್ಲಿಸಿತ್ತು, ಇನ್ನೊಮ್ಮೆ ಹಿಡಿತ ತಪ್ಪಿ ತಿರುಗತೊಡಗಿತ್ತು, ಆಮೇಲೆ ಸರಿ ಮಾಡಿದರು. 2022ರಲ್ಲಿ ನಾಸಾದ ಚಂದ್ರನ ಯಾನ ಆರ್ಟೆಮಿಸ್-1ರ ಜೊತೆ ಹೋದ ಹತ್ತು ಪುಟ್ಟ ಉಪಗ್ರಹಗಳಲ್ಲಿ ಹಲವು ಅಂದುಕೊಂಡ ಕೆಲಸ ಮಾಡಲಿಲ್ಲ. 2025ರ ಫೆಬ್ರವರಿಯಲ್ಲಿ ಹೊರಟ ನಾಸಾದ ಸಣ್ಣ ಉಪಗ್ರಹ ಲೂನಾರ್ ಟ್ರೇಲ್‌ಬ್ಲೇಜರ್ ಮರುದಿನವೇ ಸಂಪರ್ಕ ಕಳೆದುಕೊಂಡಿತು, ಸಿಗಲೇ ಇಲ್ಲ. ಒಂದೇ ಸಣ್ಣ ಉಪಗ್ರಹ ನಂಬಿಕೊಂಡು ಆಚೆ ಬದಿಗೆ ಯಾರನ್ನೂ ಕಳಿಸಬಾರದು. ನಾಲ್ಕೈದು ಇರಲಿ, ಒಂದು ಸತ್ತರೆ ಇನ್ನೊಂದು ಹಿಡಿಯಲಿ. ಟವರ್ ಕೆಲಸದಲ್ಲಿ ನಾವು ಕಲಿಯುವ ಮೊದಲ ಪಾಠ ಇದು, ಒಂದೇ ದಾರಿ ಇದ್ದರೆ ಆ ದಾರಿ ಮಳೆಗಾಲದಲ್ಲೇ ಕಡಿಯುತ್ತದೆ. ಯುರೋಪಿನವರ ಮೂನ್‌ಲೈಟ್ ಯೋಜನೆಯಲ್ಲಿ ಐದು ಉಪಗ್ರಹ ಇಡುತ್ತಾರೆ. ಸಂಪರ್ಕಕ್ಕೆ ಒಂದು, ದಾರಿ ತೋರಿಸಲು ನಾಲ್ಕು. ಅದಕ್ಕೂ ಮೊದಲು ಸುಮಾರು 280 ಕೆ.ಜಿ.ಯ ಲೂನಾರ್ ಪಾತ್‌ಫೈಂಡರ್ ಅನ್ನು ಅಮೆರಿಕದ ಖಾಸಗಿ ಲ್ಯಾಂಡರ್ ಬ್ಲೂ ಘೋಸ್ಟ್‌ನ ಎರಡನೇ ಯಾನದ ಜೊತೆ ಕಳಿಸುವುದು ಅಂತ ಗೊತ್ತುಮಾಡಿದ್ದಾರೆ, ಅದು ಬೇರೆಯವರ ಲ್ಯಾಂಡರ್‌ಗಳಿಗೆ ಸಂಪರ್ಕವನ್ನು ಬಾಡಿಗೆಗೆ ಕೊಡುವ ಲೆಕ್ಕ. ನಮ್ಮ ಚಂದ್ರಯಾನ-2ರ ಆರ್ಬಿಟರ್ ಬಾಳುವುದು ಸುಮಾರು ಏಳು ವರ್ಷ ಅಂತ ಇಸ್ರೋ 2019ರಲ್ಲೇ ಹೇಳಿತ್ತು. ಅದರ ನಂತರ ನಮ್ಮದೇ ಒಂದು ಸಣ್ಣ ರಿಲೇ ಗುಂಪು ಬೇಕೇ ಬೇಕು ಅಂತ ನಾನು ಅಲ್ಲಿ ಎದ್ದು ಹೇಳಿದೆ. ಮೇಷ್ಟ್ರು ಇದರ ಮೇಲೆ ಅರ್ಧ ಗಂಟೆ ಚರ್ಚೆಗೇ ಬಿಟ್ಟರು, ಅದು ಅವರ ದೊಡ್ಡತನ.

ಇನ್ನು ಸಣ್ಣಪುಟ್ಟವು. ಮೂವತ್ತು ಜನಕ್ಕೆ ಮೂರೇ ಕಿಟ್, ಕಾಯುವುದೇ ಜಾಸ್ತಿ. ಒಂದು ಬೋರ್ಡಿನಲ್ಲಿ ಬೆಸುಗೆ ಸಡಿಲ ಇತ್ತು, ನಾನೇ ಐರನ್ ತಗೊಂಡು ಹಾಕಿಕೊಟ್ಟೆ. ಪಾಠ ಕನ್ನಡದಲ್ಲಿ, ಕೈಗೆ ಕೊಟ್ಟ ನೋಟ್ಸ್ ಮಾತ್ರ ಪೂರ್ತಿ ಇಂಗ್ಲಿಷ್‌ನಲ್ಲಿ. ಹಳ್ಳಿ ಶಾಲೆಯಿಂದ ಬಂದ ಮಕ್ಕಳು ಅದನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು, ಮತ್ತೆ ತೆಗೆಯುತ್ತಾರೆ ಅಂತ ನನಗೆ ಅನಿಸಲ್ಲ. ಇದನ್ನು ಮುಂದಿನ ಬ್ಯಾಚಿಗೆ ಸರಿ ಮಾಡುತ್ತೇವೆ ಅಂದಿದ್ದಾರೆ, ಮಾಡಲೇಬೇಕು. ಮಧ್ಯಾಹ್ನ ಕರೆಂಟ್ ಹೋದಾಗ ಆ ಮೇಲಿನ ಮಹಡಿಯಲ್ಲಿ ಕೂರುವುದು ಕಷ್ಟ, ಕಲಬುರಗಿ ಬಿಸಿಲು ನಿಮಗೆ ಗೊತ್ತು.

ಟವರ್, ಕೇಬಲ್, ಎಲೆಕ್ಟ್ರಿಷಿಯನ್ ಕೆಲಸದ ದೊಡ್ಡವರೂ ಬರಬಹುದು, ವಯಸ್ಸಿನ ಕಟ್ಟು ಇಲ್ಲ. 2025ರ ಮಾರ್ಚ್‌ನಲ್ಲಿ ನೋಕಿಯಾದವರು 4ಜಿ ಪೆಟ್ಟಿಗೆಯನ್ನೇ ಚಂದ್ರನವರೆಗೆ ಕಳಿಸಿದ್ದರು, ಲ್ಯಾಂಡರ್ ಮಗುಚಿ ಬಿದ್ದು ಕರೆ ಮಾಡಲು ಆಗಲಿಲ್ಲ. ಇದನ್ನು ಕೇಳಿ ನನ್ನ ಪಕ್ಕ ಕೂತಿದ್ದ ಆಳಂದದ ಎಲೆಕ್ಟ್ರಿಷಿಯನ್ ಒಬ್ಬರು ಊಟದ ಹೊತ್ತೂ ಬಿಡದೆ ಪ್ರಶ್ನೆ ಕೇಳುತ್ತಿದ್ದರು. ಎಂಟನೇ ಕ್ಲಾಸಿಗಿಂತ ಚಿಕ್ಕವರಿಗೆ ಎರಡನೇ ದಿನ ಬೇಸರ ಆಗುತ್ತದೆ. ಅವರನ್ನು ವರಾಂಡದ ಮಾದರಿ ಇರುವ ಶನಿವಾರ ಮಾತ್ರ ಕಳಿಸಿ, ಒಂದು ದಿನಕ್ಕೆ 500 ರೂಪಾಯಿಗೆ ಸೇರಿಸಿಕೊಳ್ಳುತ್ತಾರೆ. ನೀರಿನ ಬಾಟಲಿ, ಟೋಪಿ, ಕ್ಯಾಮೆರಾ ಇರುವ ಒಂದು ಹಳೇ ಫೋನ್ ತಗೊಂಡು ಹೋಗಿ. ಮುಂದಿನ ಬ್ಯಾಚು ದಸರಾ ರಜೆಯಲ್ಲಿ, ಆಗಲಾದರೂ ಆರು ಕಿಟ್ ಮಾಡಿ ಅಂತ ನಾನು ಹೇಳಿ ಬಂದಿದ್ದೇನೆ, ನೀವು ಹೋದವರೂ ಕೇಳಿ.